ಆರ್‌ಎಕ್ಸ್ 100: ತಣ್ಣಗಿದ್ದಾಗ ಐಡಲ್ ನಿಲ್ಲಲ್ಲ, ಬಿಸಿಯಾದರೆ ರೇಸ್ ಇಳಿಯಲ್ಲ

ಪುತ್ತೂರ_ಸವಾರ:

ಎಲ್ಲರಿಗೂ ನಮಸ್ಕಾರ. ಗಾಡಿ 1994ನೇ ಮಾಡೆಲ್ ಟೂ ಸ್ಟ್ರೋಕ್ ಯಮಹಾ ಆರ್‌ಎಕ್ಸ್ 100. ಬೆಂಗಳೂರಿನಲ್ಲಿ ಮಾವನ ಹತ್ರ ಇದ್ದದ್ದು, ಅವರು ಓಡಿಸುವುದು ಬಿಟ್ಟ ಮೇಲೆ ನಾನು ಪುತ್ತೂರಿಗೆ ತಂದೆ. ತರುವ ಮೊದಲೇ ಅಲ್ಲಿ ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸಿ ಆಗಿತ್ತು. ಎಳೆತಕ್ಕೆ ಏನೂ ಕಮ್ಮಿ ಇಲ್ಲ. ತಕರಾರು ಇರುವುದು ನಿಂತಲ್ಲಿ.

ಬೆಳಿಗ್ಗೆ ಚೋಕ್ ಎಳೆದು ಕಿಕ್ ಹೊಡೆದರೆ ಕೂಡಲೇ ಸ್ಟಾರ್ಟ್. ಚೋಕ್ ಬಿಟ್ಟರೆ ಅಲ್ಲಿಗೇ ಆಫ್. ಸ್ವಲ್ಪ ಹೊತ್ತು ಆಕ್ಸಿಲರೇಟರ್ ಹಿಡ್ಕೊಂಡೇ ನಿಲ್ಲಬೇಕು. ದರ್ಬೆಯಿಂದ ಬೊಳುವಾರಿಗೆ ಬರುವಷ್ಟರಲ್ಲಿ ಬಿಸಿಯಾಗಿ ಇನ್ನೊಂದು ಕತೆ ಶುರು. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಕೆಲವೊಮ್ಮೆ ನ್ಯೂಟ್ರಲ್‌ನಲ್ಲಿ ತಾನಾಗಿಯೇ ಏರ್ತದೆ, ಮತ್ತೆ ನಿಧಾನಕ್ಕೆ ಇಳಿದು ಒಮ್ಮೆಲೇ ಆಫ್ ಆಗ್ತದೆ. ಬಸ್‌ಸ್ಟ್ಯಾಂಡಿನ ಎದುರು ನಿಂತರೆ ಜನ ನಾನು ಬೇಕಂತಲೇ ರೇಸ್ ಮಾಡ್ತಿದ್ದೇನೆ ಅಂತ ತಿರುಗಿ ನೋಡ್ತಾರೆ.

ಇಲ್ಲಿ ಗ್ಯಾರೇಜಿನಲ್ಲಿ ಕಾರ್ಬೋರೇಟರ್ ಬಿಚ್ಚಿ ತೊಳೆದರು, ಪ್ಲಗ್ ಬದಲಿಸಿದರು, ಐಡಲ್ ಸ್ಕ್ರೂ ತಿರುಗಿಸಿ ಕೊಟ್ಟರು. ಒಂದು ದಿನ ಸರಿ, ಮರುದಿನ ಮೊದಲಿನ ಹಾಗೆಯೇ. ಈಗ ಹೊಸ ಕಾರ್ಬೋರೇಟರ್ ಹಾಕುವ ಅಂತಿದ್ದಾರೆ. ದುಡ್ಡು ಹಾಕುವ ಮೊದಲು ಇಲ್ಲಿ ಕೇಳುವ ಅಂತ ಬಂದೆ.

ಹುಬ್ಬಳ್ಳಿ_2ಟಿ:

ಪೈಲಟ್ ಜೆಟ್ ನೋಡ್ರಿ ಮೊದ್ಲ, ಐಡಲ್ ಇದ್ದಾಗ ಪೆಟ್ರೋಲ್ ಬಿಡೂ ಹಿತ್ತಾಳಿ ತುಂಡು ಅದು. ಪೆಟ್ರೋಲ್‌ನಾಗ ಅದ್ದಿ, ಬ್ರಷ್ ತಗೊಂಡು ಮ್ಯಾಲಿಂದ ಮ್ಯಾಲೆ ತಿಕ್ಕಿದ್ರ ಕಾರ್ಬೋರೇಟರ್ ಹೊಳೀತದ, ಒಳಗಿನ ತೂತು ಹಂಗಽ ಇರ್ತದ. ಮೇನ್ ಜೆಟ್ ತೂತು ದೊಡ್ಡದು, ಅದು ಸುಮ್ ಸುಮ್ನ ಕಟ್ಟೂದಿಲ್ಲ. ಪೈಲಟ್ ಜೆಟ್ ತೂತು ಕೂದಲೆಳೆ ಇದ್ದಂಗ. ಅರ್ಧ ಕಟ್ಟಿದ್ರೂ ಬೆಳಕಿಗೆ ಹಿಡಿದಾಗ ಚುಕ್ಕಿ ಕಾಣ್ತದ, ನಾವು ಕ್ಲೀನ್ ಐತಿ ಅಂತ ತಿಳ್ಕೋತೀವಿ.

ಪಿನ್ನು, ಸೂಜಿ, ಸ್ಟೀಲ್ ತಂತಿ ಏನೂ ತೂರಿಸಬ್ಯಾಡ್ರಿ. ಹಿತ್ತಾಳಿ ಮೆತ್ತಗಿರ್ತದ, ತೂತು ದೊಡ್ಡದಾದ್ರ ಮುಗೀತು. ಕರೆಂಟ್ ವೈರಿನೊಳಗಿನ ತಾಮ್ರದ ಒಂದು ಎಳಿ ತಗೊಳ್ರಿ, ಕಾರ್ಬ್ ಕ್ಲೀನರ್ ಹೊಡೀರಿ, ಆಮ್ಯಾಲೆ ಕಂಪ್ರೆಸರ್ ಗಾಳಿ ಬಿಡ್ರಿ. ಕ್ಲೀನರ್ ಹೊಡಿಯೂ ಮುಂಚೆ ರಬ್ಬರ್ ಓ-ರಿಂಗ್ ಎಲ್ಲಾ ತಗದಿಡ್ರಿ, ಇಲ್ಲಾಂದ್ರ ಉಬ್ಬತಾವ.

ಬನಶಂಕರಿ_ಬಾಯ್:

ಹೊಸ ಕಾರ್ಬೋರೇಟರ್ ಹಾಕ್ಬಿಡಿ ಬ್ರೋ. ಬೆಂಗಳೂರು ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕಮ್ಮಿಗೇ ಸಿಗುತ್ತೆ. ಮೂವತ್ತು ವರ್ಷದ ಹಳೇ ಪೀಸ್ ಇಟ್ಕೊಂಡು ಎಷ್ಟು ಸಲ ತೊಳೀತೀರ?

ಮೈಸೂರು_ಸ್ಪ್ಯಾನರ್:

ಈಗಲೇ ಕಾರ್ಬೋರೇಟರ್ ತಗೋಬೇಡಿ. ಹಳೇ ಒರಿಜಿನಲ್ ಮಿಕುನಿ ಕಂಪನಿ ಕಾರ್ಬೋರೇಟರ್ ಬಾಡಿ ಕೈಲಿದ್ದರೆ ಅದೇ ಆಸ್ತಿ. ಕಮ್ಮಿ ಬೆಲೆಗೆ ಸಿಗೋ ಡೂಪ್ಲಿಕೇಟ್‌ಗಳಲ್ಲಿ ಹೊರಗಿನ ಆಕಾರ ಸರಿ ಇರುತ್ತೆ, ಜೆಟ್ ಮೇಲೆ ಕೆತ್ತಿರೋ ನಂಬರಿಗೂ ಒಳಗಿನ ತೂತಿಗೂ ಸಂಬಂಧ ಇರಲ್ಲ. ಈಗಿರೋ ಒಂದು ಕಾಯಿಲೆ ಜೊತೆ ಇನ್ನೊಂದು ಸೇರಿಕೊಂಡರೆ ಯಾವುದನ್ನು ಹುಡುಕ್ತೀರಿ?

ಇಷ್ಟು ನೋಡಿ ಹೇಳಿ.

ಗಾಡಿ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿದಾಗ ರೇಸ್ ಬದಲಾಗುತ್ತಾ? ಆರ್‌ಎಕ್ಸ್‌ನಲ್ಲಿ ಮೇಲಿಂದ ಬರೋ ಒಂದು ಕೇಬಲ್ ನಡುವೆ ಎರಡಾಗಿ, ಒಂದು ಕಾರ್ಬೋರೇಟರಿಗೆ, ಇನ್ನೊಂದು ಆಯಿಲ್ ಪಂಪಿಗೆ ಹೋಗುತ್ತೆ. ಆ ಕವಲಿನ ಡಬ್ಬಿಯಲ್ಲಿ ತುಕ್ಕು ಹಿಡಿದರೆ ಸ್ಲೈಡ್, ಅಂದರೆ ಕಾರ್ಬೋರೇಟರಲ್ಲಿ ಗಾಳಿ ದಾರಿ ಮುಚ್ಚೋ ಬಾಗಿಲು, ಪೂರ್ತಿ ಕೆಳಗೆ ಕೂರಲ್ಲ. ಆಯಿಲ್ ಪಂಪ್ ಇನ್ನೂ ಇದ್ಯಾ, ತೆಗೆಸಿ ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸ್ತಿದ್ದೀರಾ?

ಬಿಸಿಯಾಗಿ ರೇಸ್ ನಿಂತಾಗ ಹಾಗೇ ಕೀ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಕಪ್ಪು, ಕಂದು, ಬಿಳಿ, ಯಾವುದು?

ಕಾರ್ಬೋರೇಟರ್ ಪಕ್ಕದ ಏರ್ ಸ್ಕ್ರೂ ಈಗ ಎಷ್ಟು ಸುತ್ತು ಹೊರಗಿದೆ? ಮೆಲ್ಲಗೆ ಒಳಗೆ ತಿರುಗಿಸುತ್ತಾ ಎಣಿಸಿ, ತಾಗಿದ ಕೂಡಲೇ ನಿಲ್ಲಿಸಿ. ಬಿಗಿ ಮಾಡಿದರೆ ತುದಿ ಮುರಿದು ಬಾಡಿಯೊಳಗೇ ಉಳಿಯುತ್ತೆ.

ಕೊನೇದು, ಚೋಕ್ ಸ್ವಲ್ಪ ಎಳೆದರೆ ಆ ಏರಿದ ರೇಸ್ ಇಳಿಯುತ್ತಾ, ಇನ್ನೂ ಏರುತ್ತಾ?

ಗರುಡ_ಗಮನ_100:

ಮಾರೋದಾದ್ರೆ ಹೇಳಿ ಸಾರ್, ಇವತ್ತೇ ಬರ್ತೀನಿ. ಐಡಲ್ ನಿಲ್ಲದಿದ್ರೂ ಪರವಾಗಿಲ್ಲ.

ಪುತ್ತೂರ_ಸವಾರ:

ಮಾರ್ಲಿಕ್ಕಿಲ್ಲ ಮಾರಾಯ್ರೆ. ಪ್ರತೀ ಪೆಟ್ರೋಲ್ ಬಂಕಿನಲ್ಲೂ ಇದೇ ಪ್ರಶ್ನೆ.

ಸ್ಪ್ಯಾನರ್ ಅವರೇ, ಹ್ಯಾಂಡಲ್ ತಿರುಗಿಸಿದರೆ ಏನೂ ವ್ಯತ್ಯಾಸ ಇಲ್ಲ. ಆಕ್ಸಿಲರೇಟರ್ ಬಿಟ್ಟರೆ ಸ್ಲೈಡ್ ಟಕ್ ಅಂತ ಕೂತ ಶಬ್ದ ಕೇಳ್ತದೆ. ಆಯಿಲ್ ಪಂಪ್ ಉಂಟು, ಕೆಲಸವೂ ಮಾಡ್ತದೆ. ಪ್ಲಗ್ ಬಿಳಿ, ಸುಣ್ಣ ಹಚ್ಚಿದ ಹಾಗೆ. ಏರ್ ಸ್ಕ್ರೂ ಕಾಲು ಸುತ್ತೂ ಹೊರಗಿರಲಿಲ್ಲ. ಮತ್ತೊಂದು ವಿಚಿತ್ರ, ಚೋಕ್ ಸ್ವಲ್ಪ ಎಳೆದರೆ ರೇಸ್ ಇಳಿದು ಗಾಡಿ ಚಂದ ನಿಲ್ತದೆ.

ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಪೈಲಟ್ ಜೆಟ್ ತಾಮ್ರದ ಎಳೆಯಲ್ಲಿ ತೆಗೆದೆ. ಹಸಿರು ಪಾಚಿಯಂಥದ್ದು ಸ್ವಲ್ಪ ಬಂತು. ಬೆಳಿಗ್ಗೆಯ ತೊಂದರೆ ಮುಕ್ಕಾಲು ಪಾಲು ಹೋಯ್ತು. ಬಿಸಿಯಾದ ಮೇಲಿನದ್ದು ಹಾಗೆಯೇ ಉಂಟು.

ಮೈಸೂರು_ಸ್ಪ್ಯಾನರ್:

ಒಳ್ಳೇ ಮಾಹಿತಿ. ಗಾಡಿ ಲೀನ್ ಓಡ್ತಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗ್ತಿಲ್ಲ. ಪೆಟ್ರೋಲ್ ಕಮ್ಮಿ ಹೋಗ್ತಿದೆಯೋ, ಕಾರ್ಬೋರೇಟರ್ ದಾಟಿದ ಮೇಲೆ ಗಾಳಿ ಜಾಸ್ತಿ ಸೇರ್ತಿದೆಯೋ, ಇಷ್ಟು ಗೊತ್ತಾದರೆ ಸಾಕು.

ಐಡಲ್ ಹೇಗೆ ನಡೆಯುತ್ತೆ ಅಂತ ಹೊಸಬರಿಗಾಗಿ ಒಂದು ಸಲ ಬರೀತೀನಿ. ಆಕ್ಸಿಲರೇಟರ್ ಬಿಟ್ಟಾಗ ಸ್ಲೈಡ್ ಹೆಚ್ಚುಕಮ್ಮಿ ಮುಚ್ಚಿರುತ್ತೆ. ಮೇನ್ ಜೆಟ್, ನೀಡಲ್ ಇವಕ್ಕೆ ಆಗ ಕೆಲಸವೇ ಇಲ್ಲ. ಕಾರ್ಬೋರೇಟರ್ ಕೆಳಗಿನ ಬೌಲ್‌ನಿಂದ ಪೈಲಟ್ ಜೆಟ್ ಮೂಲಕ ಪೆಟ್ರೋಲ್ ಮೇಲೆ ಬರುತ್ತೆ. ಏರ್ ಫಿಲ್ಟರ್ ಕಡೆಯ ಬಾಯಿಂದ ಸಣ್ಣ ದಾರಿಯಲ್ಲಿ ಬರೋ ಗಾಳಿ ಅದಕ್ಕೆ ಸೇರುತ್ತೆ. ಎರಡೂ ಬೆರೆತು ಸ್ಲೈಡಿನ ಆಚೆ, ಎಂಜಿನ್ ಕಡೆ, ನೆಲದಲ್ಲಿರೋ ಚುಕ್ಕಿಯಷ್ಟು ತೂತಿನಿಂದ ಹೊರಬರುತ್ತೆ. ಇದರಲ್ಲಿರೋ ಮಿಕುನಿ ವಿಎಂ ಮಾದರಿ ಕಾರ್ಬೋರೇಟರಲ್ಲಿ ಪಕ್ಕದ ಏರ್ ಸ್ಕ್ರೂ ಆ ಗಾಳಿಗಿರೋ ನಲ್ಲಿ. ಒಳಗೆ ತಿರುಗಿಸಿದರೆ ಗಾಳಿ ಕಮ್ಮಿ, ಮಿಶ್ರಣ ರಿಚ್, ಅಂದರೆ ಪೆಟ್ರೋಲ್ ಪಾಲು ಜಾಸ್ತಿ. ಹೊರಗೆ ತಿರುಗಿಸಿದರೆ ಲೀನ್. ಇನ್ನೊಂದು ದೊಡ್ಡ ಸ್ಕ್ರೂ ಇದೆಯಲ್ಲ, ಅದು ಸ್ಲೈಡನ್ನು ಮೇಲಕ್ಕೆ ಎತ್ತಿ ಹಿಡಿಯುತ್ತೆ, ಅಷ್ಟೇ.

ಐಡಲ್ ನಿಲ್ಲದಿದ್ದಾಗ ಎಲ್ಲರೂ ಮೊದಲು ಕೈ ಹಾಕೋದು ಆ ದೊಡ್ಡ ಸ್ಕ್ರೂಗೆ. ಸ್ಲೈಡ್ ಎತ್ತಿದರೆ ಪೈಲಟ್ ದಾರಿ ಸತ್ತಿದ್ದರೂ ನೀಡಲ್ ಪಕ್ಕದಿಂದ ಪೆಟ್ರೋಲ್ ಎಳೆದು ಗಾಡಿ ನಿಲ್ಲುತ್ತೆ. ಮರುದಿನ ಅದೇ ಎತ್ತರ ಬಿಸಿ ಎಂಜಿನ್ನಿಗೆ ಜಾಸ್ತಿಯಾಗಿ ಚೀರಾಡುತ್ತೆ. ನಿಮ್ಮ ಗ್ಯಾರೇಜಿನ ಒಂದು ದಿನದ ರಿಪೇರಿ ಇದೇ ಇರಬೇಕು.

ಈಗ ಏರ್ ಸ್ಕ್ರೂ ವಿಷಯ. ಬಿಸಿ ಎಂಜಿನ್‌ನಲ್ಲಿ ಅದನ್ನು ಒಂದೂವರೆ ಸುತ್ತು ಹೊರಗಿಟ್ಟು, ಅಲ್ಲಿಂದ ಕಾಲು ಕಾಲು ಸುತ್ತು ಆಚೀಚೆ ಮಾಡಿ ಎಲ್ಲಿ ರೇಸ್ ಅತಿ ಹೆಚ್ಚು ಮತ್ತು ಸಮ ಇರುತ್ತೋ ಅಲ್ಲಿ ಬಿಡಬೇಕು. ಆಮೇಲೆ ದೊಡ್ಡ ಸ್ಕ್ರೂನಿಂದ ಐಡಲ್ ಇಳಿಸಬೇಕು. ಇಳಿಸಿದ ಮೇಲೆ ಇನ್ನೊಮ್ಮೆ ಏರ್ ಸ್ಕ್ರೂ. ಆ ಒಳ್ಳೇ ಜಾಗ ಅರ್ಧ ಸುತ್ತಿನೊಳಗೆ ಸಿಕ್ಕರೆ ಎಂಜಿನ್ ಪೆಟ್ರೋಲಿಗೆ ಹಸಿದಿದೆ ಅಂತ. ಎರಡೂವರೆ ಮೂರು ಸುತ್ತು ಹೊರಗೆ ಬಂದರೂ ಸಾಲದು ಅಂದರೆ ಪೆಟ್ರೋಲ್ ಜಾಸ್ತಿ: ಫ್ಲೋಟ್ ಎತ್ತರ, ಚೋಕ್ ಪ್ಲಂಜರ್ ಕೆಳಗಿನ ರಬ್ಬರ್, ಇಲ್ಲಾ ಜೆಟ್ ನಂಬರ್ ನೋಡಬೇಕು. ನಿಮ್ಮದು ಕಾಲು ಸುತ್ತಿಗೇ ಕೂತಿದೆ.

ಜೆಟ್ ಮಾತ್ರ ತೆಗೆದಿರೋದಾದರೆ ಜೆಟ್ ಕೂರೋ ಬಾವಿಯೊಳಗೂ ಕ್ಲೀನರ್ ಹೊಡೆದು ನೋಡಿ. ಸ್ಲೈಡ್ ಆಚೆಯ ತೂತಿನಿಂದ ನೇರ ದಾರೆ ಬರಬೇಕು, ಏರ್ ಸ್ಕ್ರೂ ತೂತಿನಿಂದಲೂ ಬರಬೇಕು. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಯಾವ ತೂತಿಂದ ಮುಖಕ್ಕೆ ಹಾರುತ್ತೆ ಅಂತ ಹೇಳಕ್ಕಾಗಲ್ಲ.

ಮೂಡಿಗೆರೆ_ಮಳೆ:

ಒಂದು ಮಾತು ಸೇರಿಸ್ತೀನಿ. ಗಾಡಿ ಬೆಂಗಳೂರಲ್ಲಿ ಸೆಟ್ ಆಗಿದ್ದು. ಅಲ್ಲಿ ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಕರಾವಳಿಗಿಂತ ಗಾಳಿಯ ಸಾಂದ್ರತೆ ಶೇ 8ರಷ್ಟು ಕಮ್ಮಿ. ಪುತ್ತೂರಿಗೆ ಇಳಿದ ಕೂಡಲೇ ಅದೇ ಜೆಟ್ಟಿಗೆ ಗಾಳಿ ಜಾಸ್ತಿ, ಸ್ವಲ್ಪ ಲೀನ್ ಆಗೇ ಆಗುತ್ತೆ. ನಾನು ಉಲ್ಟಾ ಅನುಭವದವನು. ಮುಳ್ಳಯ್ಯನಗಿರಿ ಕಡೆ ಹತ್ತಿದರೆ ನನ್ನ ಗಾಡಿ ಮೇಲೆ ಬುಡಬುಡ ಅಂತ ರಿಚ್ ಆಗಿ ಐಡಲ್ ಬೀಳುತ್ತೆ, ಏರ್ ಸ್ಕ್ರೂ ಸ್ವಲ್ಪ ಹೊರಗೆ ಬಿಟ್ಟರೆ ಸರಿಯಾಗುತ್ತೆ. ಇಳಿದ ಮೇಲೆ ವಾಪಸ್ ತಿರುಗಿಸೋದು ಮರೀಬಾರದು.

ಬನಶಂಕರಿ_ಬಾಯ್:

ಎಲ್ಲಾ ಇ20, ಅಂದ್ರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಮಹಿಮೆ ಬ್ರೋ. ಆ ಎಥನಾಲ್ ಬಂದ್ಮೇಲೆ ಹಳೇ ಗಾಡಿಗಳೆಲ್ಲಾ ಹಾಳು.

ಮೈಸೂರು_ಸ್ಪ್ಯಾನರ್:

ಇ20ಯನ್ನು ಪೂರ್ತಿ ಬಿಟ್ಟುಕೊಡಲ್ಲ, ಪೂರ್ತಿ ಅದರ ತಲೆಗೂ ಕಟ್ಟಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್‌ನಲ್ಲಿ ಅದನ್ನು ಬಿಡುಗಡೆ ಮಾಡಿದ್ದು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಶೇ 20 ಬೆರೆಸಿದಾಗ ಈ ಲೆಕ್ಕ 13.5ರ ಆಸುಪಾಸಿಗೆ ಬರುತ್ತೆ. ಇಂಜೆಕ್ಷನ್ ಗಾಡಿಗಳು ಸೆನ್ಸರ್ ನೋಡಿ ಪೆಟ್ರೋಲ್ ಜಾಸ್ತಿ ಬಿಡ್ತವೆ. ನಮ್ಮ ಹಿತ್ತಾಳೆ ಜೆಟ್ಟಿಗೆ ಅದು ಗೊತ್ತಾಗಲ್ಲ, ಮೊದಲು ಎಷ್ಟು ಬಿಡ್ತಿತ್ತೋ ಅಷ್ಟೇ ಬಿಡುತ್ತೆ. ಹಾಗಾಗಿ ಹಳೇ ಸೆಟ್ಟಿಂಗ್ ಒಂದಷ್ಟು ಲೀನ್ ಆಗೋದು ನಿಜ. ಎಥನಾಲ್ ತೇವ ಎಳ್ಕೊಳ್ಳುತ್ತೆ. ಮಳೆಗಾಲದಲ್ಲಿ ಬೌಲ್ ತುಂಬಿಸಿ ನಿಲ್ಲಿಸಿದ ಗಾಡಿಯಲ್ಲಿ ಆ ಹಸಿರು ಪಾಚಿ ಬರೋದೂ ಇದರಿಂದಲೇ ಜಾಸ್ತಿ.

ಎತ್ತರದ್ದು, ಎಥನಾಲ್‌ದು ಎರಡೂ ಸೇರಿದರೂ ಗಾಡಿ ಒಂದೇ ಸಮ ಲೀನ್ ಇರುತ್ತೆ. ಅಂಥದ್ದಕ್ಕೆ ಪೈಲಟ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿದರೆ ಮುಗೀತು. ತಾನಾಗೇ ಏರೋದು, ನಿಂತುಕೊಳ್ಳೋದು, ಬಿದ್ದು ಆಫ್ ಆಗೋದು, ಈ ಮೂರೂ ಒಟ್ಟಿಗೆ ಬಂದರೆ ನನ್ನ ಅನುಮಾನ ಕಳ್ಳಗಾಳಿ ಮೇಲೆ. ಎಲ್ಲೋ ಲೀಕ್ ಇದೆ.

ಹುಬ್ಬಳ್ಳಿ_2ಟಿ:

ಅಲ್ಲೀತನಕ 2ಟಿ ಸ್ವಲ್ಪ ಜಾಸ್ತಿ ಹಾಕ್ರಿ, ಸೀಜ್ ಆಗೂದು ತಪ್ತದ.

ಮೈಸೂರು_ಸ್ಪ್ಯಾನರ್:

ಅದರಿಂದ ಲಾಭಕ್ಕಿಂತ ಗೊಂದಲ ಜಾಸ್ತಿ ಗುರುಗಳೇ. ಪೆಟ್ರೋಲ್ ಜೊತೆ ಆಯಿಲ್ ಹೆಚ್ಚು ಬೆರೆಸಿದಷ್ಟೂ ಅದೇ ಜೆಟ್ಟಿನಲ್ಲಿ ಹೋಗೋ ಪೆಟ್ರೋಲ್ ಪಾಲು ಕಮ್ಮಿಯಾಗುತ್ತೆ, ಮಿಶ್ರಣ ಇನ್ನೂ ಲೀನ್. ಅವರಿಗೆ ಆಯಿಲ್ ಪಂಪ್ ಬೇರೆ ಇದೆ. ಲೀಕ್ ಸಿಗೋ ತನಕ ಗಾಡಿ ನಿಲ್ಲಿಸೋದೇ ಒಳ್ಳೇದು. ಟೂ ಸ್ಟ್ರೋಕ್ ಲೀನ್ ಓಡಿದರೆ ಹೊಸ ಪಿಸ್ಟನ್ ತಲೆ ತೂತಾಗೋಕೆ ಒಂದು ಉದ್ದದ ಏರು ಸಾಕು. ದಾರಿಯಲ್ಲಿ ರೇಸ್ ಏರಿ ನಿಂತುಬಿಟ್ಟರೆ ಚೋಕ್ ಎಳೀರಿ, ಕೀ ತೆಗೀರಿ. ಆಗಲೂ ನಿಲ್ಲದಿದ್ದರೆ ಟಾಪ್ ಗೇರಿಗೆ ಹಾಕಿ, ಎರಡೂ ಬ್ರೇಕ್ ಹಿಡಿದು ಕ್ಲಚ್ ಬಿಡಿ.

ಪಲ್ಸರ್_ಪ್ರಜೆ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಹಳೇ ಪಲ್ಸರ್ 150, ಕಾರ್ಬೋರೇಟರ್ ಗಾಡಿ. ಸ್ಪ್ಯಾನರ್ ಹೇಳಿದ ಹಾಗೆ ಸ್ಕ್ರೂ ಒಳಗೆ ತಿರುಗಿಸಿದೆ, ರಿಚ್ ಆಗೋ ಬದಲು ಗಾಡಿ ಆಫ್ ಆಯ್ತು.

ಮೈಸೂರು_ಸ್ಪ್ಯಾನರ್:

ನಿಮ್ಮದು ಬೇರೆ ಜಾತಿ ಕಾರ್ಬೋರೇಟರ್. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿ ಹಿಡಿಯುತ್ತೆ, ಒಳಗೆ ತಿರುಗಿಸಿದರೆ ರಿಚ್. ಎಂಜಿನ್ ಕಡೆ ಇದ್ದರೆ ಬೆರೆತ ಮಿಶ್ರಣವನ್ನೇ ಹಿಡಿಯುತ್ತೆ, ಒಳಗೆ ತಿರುಗಿಸಿದರೆ ಲೀನ್. ನಿಮ್ಮದರಲ್ಲಿ ಎಂಜಿನ್ ಕಡೆ. ಬೇರೆ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.

ಪುತ್ತೂರ_ಸವಾರ:

ಗಾಡಿ ನಿಲ್ಲಿಸಿದ್ದೇನೆ. ಬಾವಿಯೊಳಗೆ ಕ್ಲೀನರ್ ಹೊಡೆದದ್ದು ಎಲ್ಲ ತೂತಿನಿಂದಲೂ ಬಂತು. ಕಾರ್ಬೋರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಜಾಯಿಂಟ್ ಮಡಚಿ ನೋಡಿದೆ. ಹೊರಗೆ ಸಣ್ಣ ಗೆರೆ ಉಂಟು, ಆಚೆ ದಾಟಿದ ಹಾಗೆ ಕಾಣುವುದಿಲ್ಲ. ಐಡಲ್‌ನಲ್ಲಿಟ್ಟು ಅಲ್ಲಿಗೆ ಕ್ಲೀನರ್ ಸಿಂಪಡಿಸಬೇಕು, ರೇಸ್ ಬದಲಾದರೆ ಲೀಕ್ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಮಾಡಬಹುದಾ?

ಮೈಸೂರು_ಸ್ಪ್ಯಾನರ್:

ಮಾಡಬಹುದು, ಜಾಗ್ರತೆ ಇರಲಿ. ಸೈಲೆನ್ಸರ್ ಬೆಂಡ್ ಬೆಂಕಿಯ ಹಾಗಿರುತ್ತೆ, ಕ್ಲೀನರ್ ಹನಿ ಬಿದ್ದರೆ ಭಗ್ ಅನ್ನುತ್ತೆ. ಗಾಡಿ ಹೊರಗೆ ಗಾಳಿಯಾಡೋ ಕಡೆ ಇರಲಿ, ಪಕ್ಕದಲ್ಲಿ ಒದ್ದೆ ಗೋಣಿ ಇರಲಿ. ತುಂಬಾ ಸಣ್ಣಗೆ, ಜಾಯಿಂಟಿನ ಎರಡೂ ತುದಿಗೆ, ಮಿಶ್ರಣ ವಾಪಸ್ ಬರದ ಹಾಗೆ ತಡೆಯೋ ರೀಡ್ ವಾಲ್ವಿನ ಪ್ಯಾಕಿಂಗ್ ಅಂಚಿಗೆ, ಸಿಲಿಂಡರ್ ಬುಡದ ಪ್ಯಾಕಿಂಗಿಗೆ. ಬೋರ್ ಮಾಡಿಸಿದಾಗ ಬುಡದ ಪ್ಯಾಕಿಂಗ್ ಹಳೇದೇ ಹಾಕೋರಿದ್ದಾರೆ.

ಎಲ್ಲೂ ಬದಲಾಗದಿದ್ದರೆ ಉಳಿಯೋದು ಕ್ರ್ಯಾಂಕ್ ಆಯಿಲ್ ಸೀಲ್, ಕ್ರ್ಯಾಂಕ್ ತುದಿ ಹೊರಬರೋ ಕಡೆ ಸೋರದ ಹಾಗೆ ಹಿಡಿಯೋ ರಬ್ಬರ್ ಬಳೆ. ಅಲ್ಲಿಗೆ ಸ್ಪ್ರೇ ಮುಟ್ಟಲ್ಲ. ಟೂ ಸ್ಟ್ರೋಕಿನಲ್ಲಿ ಮಿಶ್ರಣ ಮೊದಲು ಹೋಗೋದೇ ಕ್ರ್ಯಾಂಕ್‌ಕೇಸಿಗೆ. ಪಿಸ್ಟನ್ ಮೇಲೆ ಹೋದಾಗ ಅಲ್ಲಿ ಎಳೆತ, ಕೆಳಗೆ ಬಂದಾಗ ಒತ್ತಡ. ಎಡಗಡೆ, ಕರೆಂಟ್ ಹುಟ್ಟಿಸೋ ಮ್ಯಾಗ್ನೆಟ್ ಹಿಂದಿನ ಸೀಲ್ ಹೋಗಿದ್ದರೆ ಬರೀ ಗಾಳಿ ಎಳೆಯುತ್ತೆ, ಲೀನ್ ಆಗುತ್ತೆ. ಬಲಗಡೆ, ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲ್ ಎಳೆದು ಸುಡುತ್ತೆ, ದಟ್ಟ ಬಿಳಿ ಹೊಗೆ, ಗೇರ್ ಆಯಿಲ್ ಇಳಿಯೋದು. ನಿಮಗೆ ಹೊಗೆ ಹೇಗಿದೆ?

ಪುತ್ತೂರ_ಸವಾರ:

ಹೊಗೆ ಮಾಮೂಲು, ಸ್ಟಾರ್ಟ್ ಮಾಡುವಾಗ ಸ್ವಲ್ಪ. ಗೇರ್ ಆಯಿಲ್ ಇಳಿದಿಲ್ಲ. ಸ್ಪ್ರೇ ಮಾಡಿ ನೋಡಿದೆ, ಜಾಯಿಂಟ್, ರೀಡ್, ಬುಡ, ಎಲ್ಲಿಯೂ ರೇಸಿನಲ್ಲಿ ವ್ಯತ್ಯಾಸ ಬರಲಿಲ್ಲ.

ಮ್ಯಾಗ್ನೆಟ್ ಕವರ್ ಬಿಚ್ಚಿದೆ. ಕಾಯಿಲ್ ಪ್ಲೇಟಿನ ಕೆಳಭಾಗದಲ್ಲಿ ಕಪ್ಪು ಜಿಡ್ಡು, ಮುಟ್ಟಿ ಮೂಸಿದರೆ ಪೆಟ್ರೋಲ್, 2ಟಿ ಎರಡರದ್ದೂ ವಾಸನೆ. ಚೈನಿಗೆ ಹಾಕಿದ ಆಯಿಲ್ ಹಾರಿ ಬಂದದ್ದು ಅಂತ ಗ್ಯಾರೇಜಿನವರು ಹೇಳ್ತಾರೆ.

ಹುಬ್ಬಳ್ಳಿ_2ಟಿ:

ಚೈನ್ ಆಯಿಲ್‌ಗೆ ಪೆಟ್ರೋಲ್ ವಾಸನಿ ಎಲ್ಲಿಂದ ಬರಬೇಕ್ರಿ? ಸಿಕ್ತು ನಿಮ್ಮ ಕಳ್ಳ.

ಮೈಸೂರು_ಸ್ಪ್ಯಾನರ್:

ತೊಂಬತ್ತು ಪಾಲು ಅದೇ. ಸೀಲಿಗೆ ಕೈ ಹಾಕೋ ಮುಂಚೆ ಗಾಳಿ ತುಂಬಿಸಿ ನೋಡಿಬಿಡಿ. ಲೀಕ್ ಒಂದೇ ಕಡೆ ಇರಬೇಕು ಅಂತೇನಿಲ್ಲ.

ಇದಕ್ಕೆ ದೊಡ್ಡ ಮೆಷಿನ್ ಬೇಡ. ಮನೇಲಿ ಹಳೇ ಬಿಪಿ ನೋಡೋ ಯಂತ್ರ ಇದ್ದರೆ, ಮುಳ್ಳಿನ ಡಯಲ್ ಇರೋದು, ಅದರ ಬಲ್ಬು ಮತ್ತು ಡಯಲ್ ಸಾಕು, ತೋಳಿನ ಪಟ್ಟಿ ಬೇಡ. ಸೈಲೆನ್ಸರ್ ಬಿಚ್ಚಿ, ಎಕ್ಸಾಸ್ಟ್ ಬಾಯಿಗೆ ಸೈಕಲ್ ಟ್ಯೂಬ್ ರಬ್ಬರ್ ಇಟ್ಟು ಮೇಲೆ ತಗಡಿನ ಪಟ್ಟಿ ಹಾಕಿ ಅದೇ ಬೋಲ್ಟಿನಲ್ಲಿ ಬಿಗೀರಿ. ಕಾರ್ಬೋರೇಟರ್ ತೆಗೆದು ರಬ್ಬರ್ ಜಾಯಿಂಟಿನ ಬಾಯಿಗೆ ಗಟ್ಟಿ ರಬ್ಬರ್ ಬಿರಡೆ, ಅದರ ನಡುವೆ ಬಿಪಿ ಪೈಪು, ಸುತ್ತ ಕ್ಲಿಪ್. ಆಯಿಲ್ ಪಂಪಿನಿಂದ ಬರೋ ಸಣ್ಣ ಪೈಪಿನ ಮೂತಿ ಮುಚ್ಚೋದು ಮರೀಬೇಡಿ, ಎಲ್ಲರೂ ಅಲ್ಲೇ ಎಡವೋದು. ಪ್ಲಗ್ ಜಾಗದಲ್ಲೇ ಇರಲಿ. ಪಿಸ್ಟನ್ ಪೂರ್ತಿ ಕೆಳಗಿರಲಿ.

260ರವರೆಗೆ ಒತ್ತಿ. ಆ ಡಯಲ್ ಪಾದರಸದ ಮಿಲಿಮೀಟರ್ ತೋರಿಸುತ್ತೆ, 260 ಅಂದರೆ ಹತ್ತಿರ ಹತ್ತಿರ 5 ಪಿಎಸ್‌ಐ. ಅದಕ್ಕಿಂತ ಜಾಸ್ತಿ ಬೇಡ. ಕಂಪ್ರೆಸರ್ ಅಂತೂ ತರಲೇಬೇಡಿ, ಒಳ್ಳೇ ಸೀಲೂ ಹೊರಗೆ ಹಾರುತ್ತೆ. ಒಂದು ನಿಮಿಷಕ್ಕೆ 50ಕ್ಕಿಂತ ಕಮ್ಮಿ ಇಳಿದರೆ ಎಂಜಿನ್ ಗಟ್ಟಿ. ಜಾಸ್ತಿ ಇಳಿದರೆ ಸೋಪಿನ ನೀರು ಬಳೀತಾ ಹೋಗಿ, ಮೊದಲು ನೀವೇ ಹಾಕಿದ ಬಿರಡೆಗೆ. ಮ್ಯಾಗ್ನೆಟ್ ತೆಗೆಯೋಕೆ ಪುಲ್ಲರ್ ಬೇಕು, ಸುತ್ತಿಗೆ ಮುಟ್ಟಿಸಬೇಡಿ. ಗೇರ್‌ಬಾಕ್ಸ್ ಉಸಿರಾಡೋ ಪೈಪಿನ ತುದಿ ಒಂದು ಲೋಟ ನೀರಲ್ಲಿ ಮುಳುಗಿಸಿಡಿ. ಅಲ್ಲಿ ಗುಳ್ಳೆ ಬಂದರೆ ಕ್ಲಚ್ ಕಡೆ ಸೀಲೂ ಹೋಗಿದೆ ಅಂತ ಲೆಕ್ಕ.

ಮೂಡಿಗೆರೆ_ಮಳೆ:

ಬಿಪಿ ಯಂತ್ರದ ಐಡಿಯಾ ಚೆನ್ನಾಗಿದೆ. ಮನೆಯವರು ಬಿಪಿ ನೋಡ್ಕೊಳ್ಳೋಕೆ ಹೊರಟಾಗ ಬಲ್ಬಿನಲ್ಲಿ 2ಟಿ ವಾಸನೆ ಬಂದರೆ ಬಿಪಿ ಏರೋದು ಗ್ಯಾರಂಟಿ.

ಪುತ್ತೂರ_ಸವಾರ:

ಮಾಡಿದೆ. ಅಮ್ಮನ ಹಳೇ ಯಂತ್ರ ಅಟ್ಟದಲ್ಲಿತ್ತು, ಈಗ ಡಿಜಿಟಲ್ ಬಂದ ಮೇಲೆ ಯಾರೂ ಮುಟ್ಟುವುದಿಲ್ಲ.

ಮೊದಲ ಸಲ ಒತ್ತಿದಾಗ ಮುಳ್ಳು ನಿಲ್ಲಲೇ ಇಲ್ಲ, ಎಕ್ಸಾಸ್ಟಿಗೆ ಇಟ್ಟ ರಬ್ಬರಿನ ಅಂಚಿನಲ್ಲಿ ಸುಯ್ ಅಂತ ಹೋಗ್ತಿತ್ತು. ಟ್ಯೂಬ್ ಎರಡು ಮಡಿಕೆ ಮಾಡಿ ಬಿಗಿದೆ. ಆಮೇಲೆ 260ರಿಂದ 100ಕ್ಕೆ ಬರಲಿಕ್ಕೆ ಅರ್ಧ ನಿಮಿಷವೂ ಬೇಡ. ಜಾಯಿಂಟಿನಲ್ಲಿ ಗುಳ್ಳೆ ಇಲ್ಲ, ಸಿಲಿಂಡರ್ ಬುಡದಲ್ಲಿ ಇಲ್ಲ, ಲೋಟದ ನೀರು ಅಲುಗಲಿಲ್ಲ. ಪುಲ್ಲರ್ ತರಿಸಿ ಮ್ಯಾಗ್ನೆಟ್, ಕಾಯಿಲ್ ಪ್ಲೇಟ್ ಎರಡೂ ಬಿಚ್ಚಿ ಸೋಪಿನ ನೀರು ಬ್ರಷ್‌ನಲ್ಲಿ ಹಚ್ಚಿದೆ. ಕ್ರ್ಯಾಂಕ್ ಸುತ್ತ ಕೆಳಗಿನ ಅರ್ಧದಲ್ಲಿ ನೊರೆ ಉಕ್ಕಿ ಬಂತು. ಕ್ರ್ಯಾಂಕ್ ಸ್ವಲ್ಪ ತಿರುಗಿಸಿದರೆ ನೊರೆ ಒಮ್ಮೆ ನಿಲ್ತದೆ, ಮತ್ತೆ ಬರ್ತದೆ. ತಣ್ಣಗಿದ್ದಾಗ ಒಂದು ತರ, ಬಿಸಿಗೆ ಒಂದು ತರ ಯಾಕೆ ಆಗ್ತಿತ್ತು ಅಂತ ಈಗ ಅಂದಾಜಾಯ್ತು.

ಹುಬ್ಬಳ್ಳಿ_2ಟಿ:

ಸೀಲ್ ಹಾಕೂ ಮುಂಚೆ ಕ್ರ್ಯಾಂಕ್ ತುದಿ ಹಿಡಿದು ಮ್ಯಾಲೆ ಕೆಳಗ ಅಲುಗಾಡಿಸಿ ನೋಡ್ರಿ. ಬೇರಿಂಗ್ ಸವದು ಆಟ ಬಂದಿದ್ರ ಹೊಸ ಸೀಲ್ ಹಾಕಿದ್ರೂ ಬಾಳಾ ದಿನ ತಾಳೂದಿಲ್ಲ. ಆಟ ಇದ್ರ ಎಂಜಿನ್ ಒಡೀಬೇಕು, ಬ್ಯಾರೆ ದಾರಿ ಇಲ್ಲ. ಮತ್ತ ಕ್ರ್ಯಾಂಕಿನ ಮ್ಯಾಲೆ ಸೀಲ್ ತುಟಿ ಉಜ್ಜೂ ಜಾಗದಾಗ ಉಗುರು ಆಡಿಸಿ ನೋಡ್ರಿ, ಗೀರು ಹತ್ತಿದ್ರ ಹೇಳ್ರಿ.

ಮೈಸೂರು_ಸ್ಪ್ಯಾನರ್:

ಸರಿಯಾದ ಮಾತು. ಮ್ಯಾಗ್ನೆಟ್ ಕಡೆ ಸೀಲ್ ಹೊರಗಿನಿಂದಲೇ ತೆಗೀಬಹುದು. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಕ್ರ್ಯಾಂಕ್ ಗೀರುತ್ತೆ. ಸೀಲಿನ ಲೋಹದ ಮುಖಕ್ಕೆ ಸಣ್ಣ ತೂತು, ಅದರಲ್ಲಿ ತಗಡಿಗೆ ಹಾಕೋ ಸ್ಕ್ರೂ ಎರಡು ಎಳೆ ಕಚ್ಚೋ ಹಾಗೆ ಹಾಕಿ ಇಕ್ಕಳದಲ್ಲಿ ಎಳೀರಿ. ಡ್ರಿಲ್ ಬಿಟ್ಟಿಗೆ ಗ್ರೀಸ್ ಹಚ್ಚಿ, ಪುಡಿ ಅಂಟಿಕೊಳ್ಳಲಿ, ಹಿಂದೆ ಬೇರಿಂಗ್ ಇದೆ, ಜಾಸ್ತಿ ಆಳ ಹೋಗಬೇಡಿ.

ಹೊಸದು ಹಾಕುವಾಗ ಸ್ಪ್ರಿಂಗ್ ಕಾಣೋ ಮುಖ ಎಂಜಿನ್ ಒಳಗೆ. ತುಟಿಗೆ ಗ್ರೀಸ್. ಸೀಲಿನ ಹೊರ ಅಂಚಿನಷ್ಟೇ ಅಗಲದ ಸಾಕೆಟ್ ಇಟ್ಟು ಸುತ್ತ ಸಮವಾಗಿ ತಟ್ಟಿ. ಕ್ರ್ಯಾಂಕಿನ ಕೀವೇ, ಅಂದರೆ ಕೀಲು ಕೂರೋ ತೋಡು, ಅದರ ಅಂಚು ಹೊಸ ತುಟಿಯನ್ನು ಕತ್ತರಿಸುತ್ತೆ, ಅದಕ್ಕೊಂದು ಸುತ್ತು ಸೆಲ್ಲೋಟೇಪ್ ಹಾಕಿ ಮೇಲಿಂದ ಜಾರಿಸಿ, ಆಮೇಲೆ ಟೇಪ್ ತೆಗೀರಿ. ಕಾಯಿಲ್ ಪ್ಲೇಟ್ ಬಿಚ್ಚೋ ಮುಂಚೆ ಗುರುತು ಮಾಡಿದ್ದೀರ ತಾನೆ?

ಪುತ್ತೂರ_ಸವಾರ:

ಗುರುತು ಮಾಡಿಯೇ ಬಿಚ್ಚಿದ್ದು. ಬೇರಿಂಗಿನಲ್ಲಿ ಆಟ ಇಲ್ಲ, ಉಗುರಿಗೆ ಗೀರೂ ಸಿಗ್ಲಿಲ್ಲ.

ಹಳೇ ಸೀಲ್ ಹೊರಗೆ ಬಂತು. ತುಟಿ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿ ಹೋಗಿತ್ತು, ಬಗ್ಗಿಸಿದರೆ ಪಟ್ ಅಂತ ಸೀಳ್ತದೆ. ಸುತ್ತಲಿನ ಸ್ಪ್ರಿಂಗ್ ತುಕ್ಕು ಹಿಡಿದು ಒಂದು ಕಡೆ ತುಂಡಾಗಿತ್ತು. ಬೋರ್ ಮಾಡಿಸುವಾಗ ಮೇಲಿನದ್ದೆಲ್ಲ ಹೊಸತು ಹಾಕಿದ್ದಾರೆ, ಕೆಳಗಿನದ್ದು ಯಾರೂ ಮುಟ್ಟಿರಲಿಕ್ಕಿಲ್ಲ. ಹೊಸ ಪಿಸ್ಟನ್ನಿನ ಕಂಪ್ರೆಷನ್ ಜಾಸ್ತಿಯಾಗಿ ಹಳೇ ಸೀಲ್ ಹೋಯ್ತು ಅಂತ ಗ್ಯಾರೇಜಿನವರ ವಾದ.

ಮೈಸೂರು_ಸ್ಪ್ಯಾನರ್:

ಸಿಲಿಂಡರಿನ ಕಂಪ್ರೆಷನ್ ಸೀಲಿಗೆ ತಾಗಲ್ಲ, ಕ್ರ್ಯಾಂಕ್‌ಕೇಸಿನ ಒತ್ತಡ ತಾಗುತ್ತೆ. ಸವೆದ ಪಿಸ್ಟನ್ ಪಕ್ಕದಿಂದ ಸೋರ್ತಿದ್ದದ್ದು ಈಗ ನಿಂತಿದೆ, ಆ ಎಳೆತ ಒತ್ತಡ ಒಂಚೂರು ಜಾಸ್ತಿಯಾಗಿರಬಹುದು. ಅದಕ್ಕಿಂತ ವಯಸ್ಸೇ ದೊಡ್ಡ ಕಾರಣ. ಆರ್‌ಎಕ್ಸ್ 100 ಇಲ್ಲಿ ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಅತಿ ಎಳೇ ಗಾಡಿಯ ರಬ್ಬರಿಗೂ ಈಗ ಮೂವತ್ತರ ಹತ್ತಿರ. ಬೋರ್ ಮಾಡಿಸೋರು ಜೊತೆಗೇ ಎರಡೂ ಕಡೆ ಸೀಲ್ ಬದಲಿಸಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಸೀಲಿನ ಬೆಲೆ ಪಿಸ್ಟನ್ನಿನ ಮುಂದೆ ಲೆಕ್ಕಕ್ಕೇ ಬರಲ್ಲ.

ಬನಶಂಕರಿ_ಬಾಯ್:

ಸರಿ, ನಾನು ಕಾರ್ಬೋರೇಟರ್ ಮಾತು ವಾಪಸ್ ತಗೊಂಡೆ. ಸೀಲ್ ಬೇಕಾದ್ರೆ ಹೇಳಿ, ಜೆ.ಸಿ. ರೋಡಲ್ಲಿ ವಿಚಾರಿಸಿ ಕಳಿಸ್ತೀನಿ. ಹಳೇ ಸೀಲಿನ ಮುಖದ ಮೇಲೆ ಮೂರು ಸಂಖ್ಯೆ ಕೆತ್ತಿರುತ್ತೆ, ಒಳ ಅಳತೆ, ಹೊರ ಅಳತೆ, ದಪ್ಪ. ಅದರ ಫೋಟೋ ಹಾಕಿ.

ಪುತ್ತೂರ_ಸವಾರ:

ಉಪಕಾರ ಆಯ್ತು. ಮಂಗಳೂರಿನಲ್ಲೇ ಸಿಕ್ಕಿತು, ಆ ಮೂರು ಸಂಖ್ಯೆ ತೋರಿಸಿಯೇ ತಗೊಂಡದ್ದು. ಮುಂದೆ ಕ್ಲಚ್ ಕಡೆಯದಕ್ಕೂ ಬೇಕಾಗ್ತದೆ ಅಂತ ಅದನ್ನೂ ತೆಗೆದಿಟ್ಟೆ.

ಸೀಲ್ ಕೂರಿಸಿ ಮತ್ತೆ ಬಿಪಿ ಯಂತ್ರ ಹಾಕಿದೆ. ಈ ಸಲ ಒಂದು ನಿಮಿಷಕ್ಕೆ 260ರಿಂದ 240, ಅಷ್ಟೇ. ಎಲ್ಲ ಜೋಡಿಸಿ, ಏರ್ ಸ್ಕ್ರೂ ಒಂದೂವರೆಗೆ ಇಟ್ಟು, ಐಡಲ್ ಸ್ಕ್ರೂ ಪೂರ್ತಿ ಸಡಿಲ ಮಾಡಿ ಮೊದಲಿಂದ ಶುರು ಮಾಡಿದೆ. ಬಿಸಿಯಾದ ಮೇಲೆ ಏರ್ ಸ್ಕ್ರೂ ಒಂದಕ್ಕೆ ಬಂದು ನಿಂತಿತು. ಬೊಳುವಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಟಣ್ ಟಣ್ ಅಂತ ಕೆಳಗೆ ಬಂದು ನಿಲ್ತದೆ. ಪ್ಲಗ್ ತಿಳಿ ಕಂದು. ಬೆಳಿಗ್ಗೆ ಚೋಕ್ ಸ್ವಲ್ಪ ಹೊತ್ತು ಈಗಲೂ ಬೇಕು.

ಮೈಸೂರು_ಸ್ಪ್ಯಾನರ್:

ಏರ್ ಸ್ಕ್ರೂ ಒಂದು ಸುತ್ತು ಅಂದರೆ ಇನ್ನೂ ಲೀನ್ ಕಡೆಗೇ ಒಂಚೂರು ವಾಲಿದೆ. ಮೂಡಿಗೆರೆಯವರು ಹೇಳಿದ ಎತ್ತರ, ಜೊತೆಗೆ ಇ20, ಎರಡರ ಪಾಲು ಅದು. ಬೆಳಿಗ್ಗೆ ಕಿರಿಕಿರಿ ಅನ್ನಿಸಿದರೆ ಪೈಲಟ್ ಜೆಟ್ ಒಂದು ನಂಬರ್ ಮೇಲಿನದು ಹಾಕಿ, ಒಂದೂವರೆಗೆ ಬಂದು ಕೂರುತ್ತೆ. ಅನ್ನಿಸದಿದ್ದರೆ ಹಾಗೇ ಬಿಡಿ. ವಾರಗಟ್ಟಲೆ ನಿಲ್ಲಿಸೋದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಬೌಲಿನ ಡ್ರೈನ್ ಸ್ಕ್ರೂ ಬಿಟ್ಟು ಪೆಟ್ರೋಲ್ ಖಾಲಿ ಮಾಡಿ.

ಮೂಡಿಗೆರೆ_ಮಳೆ:

ಈ ಗಾಳಿ ಪರೀಕ್ಷೆಗೆ ಎಂಜಿನ್ ಫ್ರೇಮಿನಿಂದ ಇಳಿಸಲೇಬೇಕಾ? ನನ್ನ ಗಾಡಿಗೂ ಒಮ್ಮೆ ಮಾಡಿ ನೋಡಬೇಕು ಅಂತಿದ್ದೀನಿ.

ಪುತ್ತೂರ_ಸವಾರ:

ಬೇಡ, ನಾನು ಗಾಡಿಯಲ್ಲೇ ಇಟ್ಟು ಮಾಡಿದ್ದು. ಸೈಲೆನ್ಸರ್ ಮತ್ತು ಕಾರ್ಬೋರೇಟರ್ ಬಿಚ್ಚಿದರೆ ಸಾಕು. ಸೈಲೆನ್ಸರ್ ಬೋಲ್ಟಿಗೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟಿಡಿ, ನನ್ನದು ಎಲ್ಲಕ್ಕಿಂತ ಹೆಚ್ಚು ಹೊತ್ತು ತಗೊಂಡದ್ದು ಅಲ್ಲಿ. ಹಾಗೆಯೇ ಎಕ್ಸಾಸ್ಟ್ ಪ್ಯಾಕಿಂಗ್ ಹೊಸತು ಒಂದು ತಂದಿಟ್ಟುಕೊಳ್ಳಿ, ಹಳೇದು ವಾಪಸ್ ಕೂರುವುದಿಲ್ಲ.